ಉಪಗ್ರಹ ಕಂಡ ಮೋಡದ ಸುದ್ದಿ ಊರಿಗೂ ಮುಟ್ಟಲಿ: ಚಿತ್ರದುರ್ಗ ಜಿಲ್ಲೆಯ ಗ್ರಾಮ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಚಿತ್ರದುರ್ಗ ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಸದಸ್ಯರು ಮತ್ತು ಪಿಡಿಒಗಳಿಗೆ,

ಮಾನ್ಯರೇ,

ನಾನು ಚಳ್ಳಕೆರೆ ತಾಲ್ಲೂಕಿನವನು. ಡಿಶ್ ಕಟ್ಟುವುದು, ರಿಪೇರಿ ಮಾಡುವುದು ನನ್ನ ಕಸುಬು. ಮಳೆಗಾಲ ಬಂದರೆ ಮನೆಯವರೆಲ್ಲ ಸೇರಿ ಶೇಂಗಾ ಬೆಳೆಯುತ್ತೇವೆ. ಎರಡೂ ಕೆಲಸ ಆಕಾಶವನ್ನೇ ನಂಬಿಕೊಂಡಿದ್ದು. ಹಾಗಾಗಿ ಈ ವಿಷಯವನ್ನು ನಿಮ್ಮ ಮುಂದೆ ಇಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ವಿಷಯ ಇಷ್ಟೇ. ನಮ್ಮ ನೆತ್ತಿಯ ಮೇಲೆ ನಿಂತಿರುವ ಉಪಗ್ರಹಗಳು ಮೋಡ ಕಟ್ಟುವುದನ್ನು ಹಗಲೂ ರಾತ್ರಿ ನೋಡುತ್ತಿವೆ. ಅವು ಕಂಡದ್ದು ದೆಹಲಿಗೆ ಹೋಗುತ್ತದೆ, ಬೆಂಗಳೂರಿಗೆ ಬರುತ್ತದೆ, ಜಿಲ್ಲಾ ಕೇಂದ್ರಕ್ಕೂ ಬರುತ್ತದೆ. ನಿಮ್ಮ ಪಂಚಾಯಿತಿ ಕಚೇರಿಯ ಫೋನಿಗೂ ಬರುತ್ತದೆ. ಅಲ್ಲಿಂದ ಮುಂದೆ ಹೊಲಕ್ಕೆ ಹೋಗುವುದಿಲ್ಲ. ಅಷ್ಟು ದೂರದಿಂದ ಬಂದ ಸುದ್ದಿ ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತುಬಿಡುತ್ತಿದೆ.

ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಊರಿನ ಹೆಸರು ಬೇಡ, ಪಂಚಾಯಿತಿಯ ಹೆಸರೂ ಬೇಡ. ಹೆಸರು ಹೇಳಿದರೆ ಅದು ಅವರೊಬ್ಬರದೇ ತಪ್ಪು ಎಂದಾಗುತ್ತದೆ. ಇದು ಬಹಳಷ್ಟು ಊರಲ್ಲಿ ನಡೆಯುವಂಥದ್ದು.

ಹೋದ ವರ್ಷ ಅಕ್ಟೋಬರ್. ಶೇಂಗಾ ಕೀಳುವ ಕಾಲ. ಒಂದು ಮನೆಯ ತಾರಸಿ ಮೇಲೆ ಡಿಶ್ ಸರಿ ಮಾಡುತ್ತಿದ್ದೆ. ಮನೆ ಹಿಂದೆಯೇ ಅವರ ಹೊಲ. ನಾಲ್ಕು ಎಕರೆ ಶೇಂಗಾ ಕಿತ್ತು, ಕಾಯಿ ಮೇಲೆ ಮಾಡಿ ಸಾಲಾಗಿ ಒಣಗಲು ಬಿಟ್ಟಿದ್ದರು. ಕಾಯಿ ಚೆನ್ನಾಗಿ ತುಂಬಿತ್ತು. ನಾನು ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಹೊಸ ಎಲ್‌ಎನ್‌ಬಿ ಹಾಕಿ, ಕ್ಲಾಂಪ್ ಬಿಗಿ ಮಾಡಿ, ಮೀಟರ್ ನೋಡಿದೆ. ಸಿಗ್ನಲ್ ಕ್ವಾಲಿಟಿ ಚೆನ್ನಾಗಿ ಬಂತು. ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯತೊಡಗಿತು. ವೈರು ಸರಿಯಾಗಿದೆ, ಕನೆಕ್ಟರ್ ಸರಿಯಾಗಿದೆ, ಡಿಶ್ ಅಲುಗಾಡಿಲ್ಲ. ಡಿಶ್ ಮುಖ ಮಾಡಿದ್ದ ಆಗ್ನೇಯ ದಿಕ್ಕಿಗೆ ಕತ್ತೆತ್ತಿ ನೋಡಿದೆ. ಹಿರಿಯೂರು ಕಡೆಯಿಂದ ಕಪ್ಪು ಮೋಡ ಎದ್ದು ಬರುತ್ತಿತ್ತು.

ನಮ್ಮ ಕಸುಬಿನವರಿಗೆ ಇದು ಗೊತ್ತಿರುವ ಸಂಗತಿ. ಮನೆಮನೆಯ ಡಿಶ್‌ಗೆ ಬರುವುದು ಕೆಯು ಬ್ಯಾಂಡ್ ಎಂಬ ತರಂಗಗಳ ಸಿಗ್ನಲ್. ದಟ್ಟ ಮಳೆ ಅಡ್ಡ ಬಂದರೆ ಅದು ಸೊರಗಿಹೋಗುತ್ತದೆ. ಮಳೆ ನಮ್ಮ ಮೇಲೇ ಬೀಳಬೇಕು ಅಂತಿಲ್ಲ, ಉಪಗ್ರಹದ ದಾರಿಯಲ್ಲಿ ಬಿದ್ದರೂ ಸಾಕು. ಹಾಗಾಗಿ ಎಷ್ಟೋ ಸಲ ಮೊದಲು ಟಿವಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಆಮೇಲೆ ಹನಿ ಬೀಳುತ್ತದೆ.

"ಅಣ್ಣಾ, ಮಳೆ ಬರ್ತಿದೆ, ಬಳ್ಳಿ ಗುಡ್ಡೆ ಹಾಕಿಸಿ" ಎಂದು ಮೇಲಿಂದಲೇ ಕೂಗಿದೆ. ಆಳುಗಳು ಆಗಲೇ ಬೇರೆ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ಇದ್ದದ್ದು ಒಂದೇ ಟಾರ್ಪಾಲು. ಗಂಡ, ಹೆಂಡತಿ, ಮಗಳು, ನಾನು ಸೇರಿ ಓಡಾಡಿ ಒಂದು ಮೂಲೆಯದ್ದು ಮುಚ್ಚುವಷ್ಟರಲ್ಲಿ ಮಳೆ ಹೊಡೆಯಿತು. ಮುಂದೆ ಎರಡು ದಿನ ಬಿಸಿಲೇ ಬರಲಿಲ್ಲ. ಕಾಯಿ ಕಪ್ಪಾಯಿತು, ಕೆಲವು ಮೊಳಕೆ ಬಂದವು. ಬಳ್ಳಿ ಬೂಷ್ಟು ಹಿಡಿದು ದನಗಳು ಮೂಸಿಯೂ ನೋಡಲಿಲ್ಲ. ಶೇಂಗಾ ಬೆಳೆಯುವವರಿಗೆ ನಷ್ಟ ಬರೀ ಕಾಯಿಯದ್ದಲ್ಲ, ಬೇಸಿಗೆಯ ಮೇವೂ ಹೋಯಿತು ಎಂದೇ ಲೆಕ್ಕ. ಮಂಡಿಗೆ ಒಯ್ದಾಗ ಕಪ್ಪು ಕಾಯಿಗೆ ಸಿಕ್ಕ ರೇಟು ಕೇಳಿ ಆ ಅಕ್ಕ ಸೆರಗಲ್ಲಿ ಕಣ್ಣು ಒರೆಸಿಕೊಂಡರು.

ಒಂದು ವಾರದ ಮೇಲೆ ಬೇರೆ ಕೆಲಸಕ್ಕೆ ಪಂಚಾಯಿತಿಗೆ ಹೋಗಿದ್ದೆ. ಮಾತಿಗೆ ಮಾತು ಬಂದು ಅಲ್ಲಿನ ಸಿಬ್ಬಂದಿ ಫೋನ್ ತೆಗೆದು ತೋರಿಸಿದರು. ಆ ದಿನ ಬೆಳಗ್ಗೆಯೇ ಅವರ ವಾಟ್ಸಾಪ್ ಗುಂಪಿಗೆ ಗುಡುಗು ಮಳೆಯ ಎಚ್ಚರಿಕೆ ಬಂದಿತ್ತು. ಇಂಗ್ಲಿಷಿನಲ್ಲಿ. ಜಿಲ್ಲೆಯ ಹೆಸರೂ ಅದರಲ್ಲಿತ್ತು. "ದಿನಾ ಬರ್ತಾವೆ ಸಾರ್, ಯಾರು ನೋಡ್ತಾರೆ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಂದಾಯ, ನೀರು, ಬೀದಿ ದೀಪ, ನರೇಗಾ ಎಲ್ಲ ಅವರ ತಲೆ ಮೇಲಿದೆ. ಈ ಸುದ್ದಿಯನ್ನು ಊರಿಗೆ ಮುಟ್ಟಿಸುವುದು ನಿನ್ನ ಕೆಲಸ ಎಂದು ಅವರಿಗೆ ಯಾರೂ ಹೇಳಿಲ್ಲ. ನನ್ನ ದೂರು ಇರುವುದೇ ಅಲ್ಲಿ. ಅದನ್ನು ಹೇಳಬೇಕಾದವರು ನೀವು.

ಆ ಎಚ್ಚರಿಕೆ ಎಲ್ಲಿಂದ ಬರುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದರ ಹಿಂದೆ ಎಷ್ಟು ದೊಡ್ಡ ಏರ್ಪಾಡು ಇದೆ ಎಂದು ತಿಳಿದರೆ ಅದನ್ನು ಸುಮ್ನೆ ಫಾರ್ವರ್ಡ್ ಮೆಸೇಜ್ ಎಂದು ಬಿಡಲು ಮನಸ್ಸಾಗುವುದಿಲ್ಲ.

ನಮ್ಮೂರಿನ ಡಿಶ್‌ಗಳನ್ನು ಗಮನಿಸಿ. ಒಂದು ಕಂಪನಿಯ ಡಿಶ್‌ಗಳೆಲ್ಲ ಒಂದೇ ಕಡೆ ಮುಖ ಮಾಡಿರುತ್ತವೆ. ಒಮ್ಮೆ ಕಟ್ಟಿ ನಟ್ಟು ಬಿಗಿದರೆ ವರ್ಷಗಟ್ಟಲೆ ತಿರುಗಿಸುವ ಹಾಗಿಲ್ಲ. ಸೂರ್ಯ, ಚಂದ್ರ, ನಕ್ಷತ್ರ ಎಲ್ಲ ಸರಿಯುತ್ತವೆ. ಉಪಗ್ರಹ ಮಾತ್ರ ಅಲ್ಲೇ ಇರುತ್ತದೆ. ಭೂಮಧ್ಯ ರೇಖೆಯ ನೇರಕ್ಕೆ 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ ಬೇಕು. ಭೂಮಿ ತನ್ನ ಸುತ್ತ ತಾನು ಒಮ್ಮೆ ತಿರುಗಲೂ ಅಷ್ಟೇ ಹೊತ್ತು ಬೇಕು. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಗಿನ ಎತ್ತು ಜಾಸ್ತಿ ದೂರ ನಡೆಯುತ್ತದೆ, ಒಳಗಿನದು ಕಮ್ಮಿ. ಸುತ್ತು ಮುಗಿಸುವುದು ಮಾತ್ರ ಎರಡೂ ಒಟ್ಟಿಗೆ. ಹಾಗೆ ಉಪಗ್ರಹ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತೆ. ಇದನ್ನೇ ಭೂಸ್ಥಿರ ಕಕ್ಷೆ ಎನ್ನುತ್ತಾರೆ. ಅದಕ್ಕಿಂತ ತೀರ ಕೆಳಗೆ ಸುತ್ತುವ ಉಪಗ್ರಹಗಳು ನಮ್ಮ ಊರಿನ ಮೇಲೆ ನಿಮಿಷಗಳಲ್ಲಿ ಹಾದುಹೋಗಿಬಿಡುತ್ತವೆ. ಬೆಳೆ, ಕೆರೆ, ಕಾಡಿನ ಫೋಟೊಗೆ ಅವು ಬೇಕು. ಬೆಳೆಯುತ್ತಿರುವ ಮೋಡವನ್ನು ಕಾಯಲು ಬೇಕಾದದ್ದು ಕದಲದೆ ನಿಂತ ಕಣ್ಣು.

ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಆ ಡಿಶ್‌ಗಳನ್ನು ನಾವು ಆಗ್ನೇಯಕ್ಕೆ ತಿರುಗಿಸುವುದು ಅದಕ್ಕೇ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಗ್ಗೆ ಹನ್ನೊಂದರ ಆಸುಪಾಸು ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಬರುತ್ತಾನೆ. ಕೆಲವು ನಿಮಿಷ ಚಿತ್ರ ಕೆಡುತ್ತದೆ. ಜನ ನನಗೆ ಫೋನ್ ಮಾಡುತ್ತಾರೆ. ಸ್ವಲ್ಪ ತಾಳಿ, ತಾನೇ ಬರುತ್ತದೆ ಎನ್ನುತ್ತೇನೆ.

ಹವಾಮಾನ ನೋಡುವ ಇನ್‌ಸ್ಯಾಟ್-3ಡಿಆರ್ ಹಾರಿದ್ದು 2016ರ ಸೆಪ್ಟೆಂಬರ್ 8ರಂದು, ಶ್ರೀಹರಿಕೋಟಾದಿಂದ. ಅದಕ್ಕೆ ಕೊಟ್ಟ ಜಾಗ 74 ಡಿಗ್ರಿ. ನಮ್ಮ ಜಿಲ್ಲೆ ಇರುವುದು 76ರ ಆಸುಪಾಸು. ಅಂದರೆ ಅದು ಹೆಚ್ಚುಕಮ್ಮಿ ನಮ್ಮ ನೆತ್ತಿಯ ಮೇಲೆ, ಒಂಚೂರು ದಕ್ಷಿಣಕ್ಕೆ. ಅದರ ಮೊದಲು 2013ರಲ್ಲಿ ಇನ್‌ಸ್ಯಾಟ್-3ಡಿ ಹೋಗಿತ್ತು. ಆಮೇಲೆ 2024ರ ಫೆಬ್ರವರಿ 17ರಂದು ಇನ್‌ಸ್ಯಾಟ್-3ಡಿಎಸ್ ಹೋಯಿತು. ಇಂಥ ಒಂದು ಉಪಗ್ರಹ ಅರ್ಧ ಗಂಟೆಗೊಂದು ಚಿತ್ರ ಕೊಡುತ್ತದೆ. ಎರಡನ್ನು ಹೊಂದಿಸಿ ನಡೆಸಿದರೆ ಕಾಲು ಗಂಟೆಗೊಂದು ಚಿತ್ರ ಸಿಗುತ್ತದೆ. ಕತ್ತಲಲ್ಲೂ ಅದಕ್ಕೆ ಕಾಣುತ್ತದೆ, ಏಕೆಂದರೆ ಅದು ಶಾಖವನ್ನೂ ಅಳೆಯುತ್ತದೆ. ಮೋಡದ ತಲೆ ಎಷ್ಟು ತಣ್ಣಗಿದೆಯೋ ಮೋಡ ಅಷ್ಟು ಎತ್ತರಕ್ಕೆ ಬೆಳೆದಿದೆ ಎಂದರ್ಥ. ಹಾಗೆ ಬೆಳೆದ ಮೋಡವೇ ಗುಡುಗು, ಸಿಡಿಲು, ಆಲಿಕಲ್ಲು ತರುವುದು. ಸಿಡಿಲು ಬಿದ್ದ ಜಾಗ ಹಿಡಿಯಲು ನೆಲದ ಮೇಲೆ ಬೇರೆ ಸೆನ್ಸರ್‌ಗಳಿವೆ, ಮೋಡದೊಳಗಿನ ಮಳೆ ಅಳೆಯಲು ರೇಡಾರ್‌ಗಳಿವೆ. ಆದರೆ ಇಡೀ ದೇಶ, ಸಮುದ್ರ ಎಲ್ಲವನ್ನೂ ಒಂದೇ ನೋಟದಲ್ಲಿ ಹಿಡಿಯುವುದು ಮೇಲಿರುವ ಉಪಗ್ರಹವೇ.

ಅದನ್ನು ಅಲ್ಲಿ ನಿಲ್ಲಿಸುವುದೂ ಸುಲಭವಲ್ಲ. ಸೂರ್ಯ, ಚಂದ್ರರ ಸೆಳೆತಕ್ಕೆ ಉಪಗ್ರಹ ಮೆಲ್ಲಗೆ ಜಾರುತ್ತದೆ. ಹೊತ್ತೊಯ್ದ ಇಂಧನವನ್ನು ಸ್ವಲ್ಪ ಸ್ವಲ್ಪವೇ ಉರಿಸಿ ಅದನ್ನು ಜಾಗಕ್ಕೆ ತರಬೇಕು. ಆ ಇಂಧನ ಮುಗಿದರೆ ಅದರ ಆಯಸ್ಸು ಮುಗಿಯಿತು. ಈ ಕೆಲಸವನ್ನು ಮಾಡುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರುವುದು ನಮ್ಮದೇ ರಾಜ್ಯದ ಹಾಸನದಲ್ಲಿ, 1982ರಿಂದ. ಭೋಪಾಲದಲ್ಲಿ ಇನ್ನೊಂದಿದೆ. ಅಲ್ಲಿನ ಎಂಜಿನಿಯರುಗಳು ಪಾಳಿಯಲ್ಲಿ ನಿದ್ದೆಗೆಟ್ಟು ಕಾಯುವ ಉಪಗ್ರಹದ ಮಾತು ಭೂಮಿಗೆ ಬರಲು ಬೇಕಾದ ಹೊತ್ತು ಒಂದು ಸೆಕೆಂಡಿನ ಎಂಟನೇ ಒಂದು ಭಾಗ. ಅದೇ ಮಾತು ಪಂಚಾಯಿತಿ ಕಟ್ಟಡದಿಂದ ಇನ್ನೂರು ಮೀಟರ್ ಆಚೆಯ ಹೊಲಕ್ಕೆ ಹೋಗಲು ಒಂದು ವಾರ ಹಿಡಿಯಿತು. ಹೋದದ್ದೂ ನಾನು ಆಕಸ್ಮಿಕವಾಗಿ ಕೇಳಿದ್ದರಿಂದ. ಇದು ಸರಿಯೇ, ನೀವೇ ಹೇಳಿ.

ಉಪಗ್ರಹ ಇದ್ದರೆ ಸಾಕು, ಎಲ್ಲ ತಾನಾಗೇ ಆಗುತ್ತದೆ ಎನ್ನುವವರು ಒಡಿಶಾವನ್ನು ನೋಡಬೇಕು. 1999ರ ಅಕ್ಟೋಬರ್‌ನಲ್ಲಿ ಅಲ್ಲಿಗೆ ಮಹಾ ಚಂಡಮಾರುತ ಬಡಿದಾಗ ಸುಮಾರು ಹತ್ತು ಸಾವಿರ ಜನ ಸತ್ತರು. ಆಗಲೂ ಮೇಲೆ ಇನ್‌ಸ್ಯಾಟ್ ಇತ್ತು. ಚಂಡಮಾರುತ ಬರುತ್ತಿದೆ ಎಂಬುದು ಗೊತ್ತಿತ್ತು. ಆಮೇಲೆ ಆ ರಾಜ್ಯ ಊರೂರಿನ ಮಟ್ಟದಲ್ಲಿ ಏರ್ಪಾಡು ಮಾಡಿಕೊಂಡಿತು. ಆಶ್ರಯ ಕಟ್ಟಡ ಕಟ್ಟಿದರು, ಸ್ವಯಂಸೇವಕರಿಗೆ ತರಬೇತಿ ಕೊಟ್ಟರು, ಯಾರು ಯಾರ ಮನೆಗೆ ಸುದ್ದಿ ಮುಟ್ಟಿಸಬೇಕು ಎಂದು ಗೊತ್ತು ಮಾಡಿದರು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚೆಯೇ ಸಾಗಿಸಿದರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಉಪಗ್ರಹ ಮೊದಲಿಗಿಂತ ಚೆನ್ನಾಗಿದ್ದದ್ದು ನಿಜ. ಅದಕ್ಕಿಂತ ದೊಡ್ಡ ಬದಲಾವಣೆ ಆದದ್ದು ಊರಿನೊಳಗೆ. ನಮಗೆ ಚಂಡಮಾರುತ ಇಲ್ಲ, ನಿಜ. ಕಿತ್ತ ಬೆಳೆಯ ಮೇಲೆ ಮಳೆ ಇದೆ. ಮರದ ಕೆಳಗೆ ನಿಂತ ಕುರಿ ಮಂದೆಗೆ ಸಿಡಿಲು ಇದೆ. ಕುರಿ ಕಾಯುವವರೂ ಅದೇ ಮರದ ಕೆಳಗೆ ನಿಂತಿರುತ್ತಾರೆ.

ಇನ್ನೂ ಹಿಂದಿನದೊಂದು ನೆನಪಿಸಬೇಕು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಎಂಬ ಭೂಸ್ಥಿರ ಉಪಗ್ರಹವನ್ನು ಎರವಲು ಪಡೆದು ನಮ್ಮ ದೇಶ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಂದಿತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ದೊಡ್ಡ ಡಿಶ್, ಊರಿಗೊಂದು ಟಿವಿ, ಅದರ ಮುಂದೆ ಇಡೀ ಊರು. ಬೇಸಾಯ, ಆರೋಗ್ಯ, ಶಾಲೆಯ ಪಾಠ, ಎಲ್ಲ ಜನರ ಭಾಷೆಯಲ್ಲೇ. ಡಿಶ್ ಕಟ್ಟುವವನಾಗಿ ಆ ಪ್ರಯೋಗದ ಬಗ್ಗೆ ನನಗೆ ಬಹಳ ಗೌರವ. ಉಪಗ್ರಹ ನಮ್ಮ ಹಳ್ಳಿಗೆ ಮೊದಲು ಬಂದದ್ದೇ ರೈತನಿಗೆ, ಮಗುವಿಗೆ ಉಪಯೋಗವಾಗಲಿ ಎಂದು. ಈಗ ಊರಿಗೊಂದಲ್ಲ, ಮನೆಗೊಂದು ಡಿಶ್ ಇದೆ. ಧಾರಾವಾಹಿ, ಕ್ರಿಕೆಟ್ ಎಲ್ಲ ಬರುತ್ತದೆ, ಬರಲಿ, ನನ್ನ ಅನ್ನವೂ ಅದೇ. ಆದರೆ ನಾಳೆ ಶೇಂಗಾ ಕೀಳಬೇಕೋ ಬೇಡವೋ ಎಂಬ ಮಾತು ಮಾತ್ರ ನಮ್ಮ ಹಳ್ಳಿಗಳಲ್ಲಿ ಕಾಣೆ.

ನಮ್ಮ ಜಿಲ್ಲೆಗೆ ಇದನ್ನು ಕೇಳುವ ಹಕ್ಕು ಬೇರೆಯವರಿಗಿಂತ ಸ್ವಲ್ಪ ಜಾಸ್ತಿಯೇ ಇದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಡೆಯ ಕಾವಲು ಭೂಮಿ ವಿಜ್ಞಾನ ಸಂಸ್ಥೆಗಳಿಗೆ ಹೋಗಿದೆ. ಅಲ್ಲಿ ತಲೆತಲಾಂತರದಿಂದ ನಮ್ಮ ದನ, ಕುರಿ ಮೇಯುತ್ತಿದ್ದವು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ಇಸ್ರೋದ ಮರುಬಳಕೆ ಬಾಹ್ಯಾಕಾಶ ವಾಹನ ತಾನಾಗಿಯೇ ಬಂದು ಇಳಿದದ್ದು ನಮ್ಮ ಜಿಲ್ಲೆಯ ರನ್‌ವೇ ಮೇಲೆ. ಅದು ನಮಗೆ ಹೆಮ್ಮೆ. ದೇಶದ ಬಾಹ್ಯಾಕಾಶ ಕೆಲಸಕ್ಕೆ ಹುಲ್ಲುಗಾವಲು ಕೊಟ್ಟ ಜನಕ್ಕೆ ಆ ಕೆಲಸದ ಫಲ ಒಂದು ಕರಿಹಲಗೆಯ ಮೇಲಾದರೂ ಕಾಣಬೇಕು, ಅಲ್ವಾ?

"ಹವಾಮಾನದವರು ಹೇಳಿದ್ದು ಎಲ್ಲಿ ನಿಜ ಆಗುತ್ತೆ" ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಊರ ಕಟ್ಟೆಯ ಮೇಲೂ ಇದೇ ಮಾತು. ಇದರಲ್ಲಿ ಅರ್ಧ ನಿಜವಿದೆ. ಎಚ್ಚರಿಕೆ ಬರುವುದು ಹೆಚ್ಚಾಗಿ ಜಿಲ್ಲೆಗೆ. ಮಳೆ ಬೀಳುವುದು ಒಂದು ಹೋಬಳಿಯಲ್ಲಿ. ಪರಶುರಾಂಪುರದಲ್ಲಿ ಬಿದ್ದರೆ ನಾಯಕನಹಟ್ಟಿಯಲ್ಲಿ ಧೂಳು ಏಳುತ್ತಿರುತ್ತದೆ. ಆದರೆ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣ ಕೊಡುವುದು ಇದಕ್ಕೇ. ಹಳದಿ ಎಂದರೆ ಕಣ್ಣಿಟ್ಟಿರಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕೆಲಸ ಬಿಟ್ಟು ಮೊದಲು ಜೀವ ನೋಡಿ. ಮೂರು ಗಂಟೆಯೊಳಗೆ ಏನಾಗಬಹುದು ಎಂದು ಹೇಳುವ ತಕ್ಷಣದ ಎಚ್ಚರಿಕೆ ಬೇರೆಯೇ ಇದೆ. ಅದರ ಬೆಲೆ ಇರುವುದು ಆ ಮೂರು ಗಂಟೆಯಲ್ಲಿ ಮಾತ್ರ. ಹತ್ತು ಸಲದಲ್ಲಿ ನಾಲ್ಕು ಸಲ ಸುಳ್ಳಾದರೂ ರೈತನಿಗೆ ಹೋಗುವುದು ಬಳ್ಳಿ ಗುಡ್ಡೆ ಹಾಕಿದ ಕೂಲಿ. ಎಚ್ಚರಿಕೆ ಒಂದು ಸಲ ನಿಜವಾಗಿ, ಅದರ ಸುದ್ದಿ ಮುಟ್ಟದೇ ಇದ್ದರೆ ಹೋಗುವುದು ಇಡೀ ವರ್ಷದ ದುಡಿಮೆ. ಯಾವುದು ವಾಸಿ ಎಂದು ರೈತ ನಿರ್ಧರಿಸಲಿ. ಅವನ ಬದಲು ಒಂದು ಫೋನು ನಿರ್ಧರಿಸುವುದು ಬೇಡ.

"ಎಲ್ಲರ ಹತ್ತಿರ ಸ್ಮಾರ್ಟ್‌ಫೋನ್ ಇದೆ, ಆ್ಯಪ್ ಇದೆ" ಎಂಬ ಮಾತೂ ಬರುತ್ತದೆ. ಮೌಸಮ್, ಮೇಘದೂತ್, ದಾಮಿನಿ ಇವೆಲ್ಲ ಒಳ್ಳೆಯ ಆ್ಯಪ್‌ಗಳು. ನಾನೂ ನೋಡುತ್ತೇನೆ. ಆದರೆ ಹೊಲದಲ್ಲಿ ಕೆಲಸ ಮಾಡುವವರಲ್ಲಿ ಬಹಳಷ್ಟು ಮಂದಿ ಹೆಣ್ಣುಮಕ್ಕಳು. ನಾನು ಹೋಗುವ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದು ಮಗನ ಕೈಯಲ್ಲಿ, ಮಗ ಇರುವುದು ಬೆಂಗಳೂರಲ್ಲಿ. ಕುರಿ ಮಂದೆಯ ಜೊತೆ ಹೋದವರಿಗೆ ಚಾರ್ಜೂ ಇಲ್ಲ, ನೆಟ್‌ವರ್ಕೂ ಇಲ್ಲ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಇದಕ್ಕೆ ಹೊಸ ಅನುದಾನ ಬೇಡ.

ಮೊದಲನೆಯದಾಗಿ, ಪ್ರತಿ ಪಂಚಾಯಿತಿಯಲ್ಲಿ ಈ ಕೆಲಸಕ್ಕೆ ಒಬ್ಬರನ್ನು ಹೆಸರು ಹೇಳಿ ನೇಮಿಸಿ. ಅವರು ರಜೆ ಹಾಕಿದರೆ ಇನ್ನೊಬ್ಬರು. ಬೆಳಗ್ಗೆ ಹಾಲಿನ ಡೈರಿಗೆ ಜನ ಬರುವ ಹೊತ್ತಿಗೆ ಅಂದಿನ ಮತ್ತು ಮರುದಿನದ ಮುನ್ಸೂಚನೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಡೈರಿ ಮುಂದಿನ ಹಲಗೆಯ ಮೇಲೆ ಇರಬೇಕು. ಪಂಚಾಯಿತಿ ಮುಂದೆ ಮತ್ತು ನ್ಯಾಯಬೆಲೆ ಅಂಗಡಿ ಮುಂದೆಯೂ ಇರಲಿ. ಓದಲು ಬಾರದವರಿಗೆ ಬಣ್ಣದ ಸೀಮೆಸುಣ್ಣದ ಒಂದು ಗುರುತು ಸಾಕು.

ನಮ್ಮ ಕಸದ ಗಾಡಿಗೆ ಮೈಕ್ ಇದೆ. ದಿನಾ ಬೀದಿ ಬೀದಿ ಸುತ್ತುತ್ತದೆ. ಬಹಳ ಊರುಗಳಲ್ಲಿ ಅದನ್ನು ಓಡಿಸುವವರೂ ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ಹಾಡಿನ ನಡುವೆ ಅರ್ಧ ನಿಮಿಷ ಆ ದಿನದ ಹವಾಮಾನ ಓದಲಿ. ಕಿತ್ತಳೆ, ಕೆಂಪು ಎಚ್ಚರಿಕೆ ಮಧ್ಯಾಹ್ನ ಬಂದರೆ ದೇವಸ್ಥಾನದ, ಮಸೀದಿಯ ಮೈಕಿನಲ್ಲಿ ಒಂದು ಮಾತು ಹೇಳಿಸಿ. ಊರಲ್ಲಿ ಸಾವು ಆದರೆ, ದನ ಕಳೆದರೆ ಮೈಕಿನಲ್ಲಿ ಹೇಳುವುದಿಲ್ಲವೇ? ಸಿಡಿಲು ಬರುತ್ತದೆ, ಮರದ ಕೆಳಗೆ ನಿಲ್ಲಬೇಡಿ ಎನ್ನಲು ಯಾರೂ ಬೇಡ ಎನ್ನುವುದಿಲ್ಲ.

ಇನ್ನೊಂದು ಮಾತು ಮಳೆ ಮಾಪಕದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆ ಮಾಪಕಗಳನ್ನು ಹಾಕಿದೆ. ಅದರ ವರುಣ ಮಿತ್ರ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಕೇಳಿ ತಿಳಿಯಬಹುದು. ನಿನ್ನೆ ನಮ್ಮ ಮಾಪಕದಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಎಂಬುದನ್ನೂ ಅದೇ ಹಲಗೆಯ ಮೇಲೆ ಬರೆಯಿರಿ. ಅಡಿಕೆ, ದಾಳಿಂಬೆಯವರಿಗೆ ಹವಾಮಾನ ಆಧಾರಿತ ವಿಮೆ ಬರುವುದು ಇಂಥ ಲೆಕ್ಕದ ಮೇಲೆ. ಮಾಪಕ ಕೆಟ್ಟಿದ್ದರೆ, ಅದರ ಸುತ್ತ ಗಿಡ ಬೆಳೆದು ಮುಚ್ಚಿಕೊಂಡಿದ್ದರೆ ಜನಕ್ಕೆ ಆಗಲೇ ಗೊತ್ತಾಗುತ್ತದೆ. ವರ್ಷದ ಕೊನೆಗೆ ಕಚೇರಿ ಮುಂದೆ ಜಗಳ ಆಡುವುದು ತಪ್ಪುತ್ತದೆ.

ದೇಶದಾದ್ಯಂತ ರೈತರಿಗೆ ಹವಾಮಾನ ಸಲಹೆ ಕೊಡುತ್ತಿದ್ದ 199 ಜಿಲ್ಲಾ ಮಟ್ಟದ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಿದರು. ಉಪಗ್ರಹದ ಚಿತ್ರವನ್ನು ಶೇಂಗಾ, ಮೆಕ್ಕೆಜೋಳ, ಈರುಳ್ಳಿಯ ಭಾಷೆಗೆ ತಿರುಗಿಸಿ ಹೇಳುವ ಜನ ಅಲ್ಲಿದ್ದರು. ಅಂಥವರು ನಮ್ಮ ಜಿಲ್ಲೆಗೆ ಬೇಕೇ ಬೇಕು ಎಂದು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ ಮೇಲಕ್ಕೆ ಕಳಿಸಿ. ಒಂದು ಪಂಚಾಯಿತಿ ಕಳಿಸಿದರೆ ಕಡತಕ್ಕೆ ಸೇರುತ್ತದೆ, ಜಿಲ್ಲೆಯ ಎಲ್ಲ ಪಂಚಾಯಿತಿ ಕಳಿಸಿದರೆ ಉತ್ತರ ಬರುತ್ತದೆ. ಎಚ್ಚರಿಕೆಗಳನ್ನು ಪಂಚಾಯಿತಿಗೆ ಕಳಿಸುವಾಗಲೇ ಕನ್ನಡದಲ್ಲಿ ಕಳಿಸಿ ಎಂಬುದನ್ನೂ ಅದರಲ್ಲಿ ಸೇರಿಸಿ.

ಈ ಸಲದ ಶೇಂಗಾ ಕೀಳುವ ಮುಂಚೆ ಹಲಗೆ ಶುರುವಾಗಲಿ ಎಂಬುದು ನನ್ನ ವಿನಂತಿ. ನಮ್ಮ ತಾಲ್ಲೂಕಿನ ಯಾವ ಪಂಚಾಯಿತಿ ಕರೆದರೂ ನಾನು ಬರುತ್ತೇನೆ. ಉಪಗ್ರಹದ ಚಿತ್ರ ಎಲ್ಲಿ ನೋಡಬೇಕು, ಬಣ್ಣ ಹೇಗೆ ಓದಬೇಕು, ಮೂರು ಗಂಟೆಯ ಎಚ್ಚರಿಕೆ ಎಲ್ಲಿ ಸಿಗುತ್ತದೆ ಎಂದು ನಿಮ್ಮ ಸಿಬ್ಬಂದಿಗೆ ಕೂತು ತೋರಿಸುತ್ತೇನೆ. ಸರ್ಕಾರಿ ಶಾಲೆಯ ಡಿಶ್ ಕೆಟ್ಟಿದ್ದು ಮಕ್ಕಳಿಗೆ ಪಾಠದ ಚಾನೆಲ್‌ಗಳು ಬರುತ್ತಿಲ್ಲ ಅಂದರೆ ಅದನ್ನೂ ಅದೇ ದಿನ ಸರಿ ಮಾಡಿಕೊಡುತ್ತೇನೆ. ಇದಕ್ಕೆಲ್ಲ ನನಗೆ ದುಡ್ಡು ಬೇಡ. ಹಲಗೆ, ಸೀಮೆಸುಣ್ಣ, ಮತ್ತು ಬೆಳಗ್ಗೆ ಆರು ಗಂಟೆಗೆ ಬಂದು ಬರೆಯುವ ಒಬ್ಬರನ್ನು ನೀವು ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಚಳ್ಳಕೆರೆ ತಾಲ್ಲೂಕಿನ ಒಬ್ಬ ಡಿಶ್ ಮೆಕ್ಯಾನಿಕ್, ಶೇಂಗಾ ಬೆಳೆಗಾರ